ನಿಮಗಿದು ಗೊತ್ತೇ? ರಸ್ತೆಬದಿಯ ಮರ ಬೀಳುವುದೇಕೆ, ಕಡಿಯುವವರು ಯಾರು

ಬೆಂಗಳೂರಿನಲ್ಲಿ ಮರ ಉರುಳುವ ಕಾಲ ಮುಂಗಾರಿಗಿಂತ ಮೊದಲೇ ಶುರುವಾಗುತ್ತದೆ. ಏಪ್ರಿಲ್ ಮಧ್ಯದ ಅಶ್ವಿನಿ ಮಳೆಯಿಂದ ಹಿಡಿದು ಭರಣಿ, ಕೃತ್ತಿಕೆ ದಾಟಿ ಜೂನ್ ಮೊದಲ ವಾರದ ರೋಹಿಣಿಯವರೆಗೂ ಸಂಜೆ ಹೊತ್ತಿಗೆ ಗುಡುಗು ಮೋಡ ಕಟ್ಟುತ್ತದೆ, ಮಳೆಗೆ ಮುಂಚೆ ಗಾಳಿ ನುಗ್ಗುತ್ತದೆ. ಗುಲ್‌ಮೊಹರ್ ಮೈತುಂಬ ಹೂ ಹೊತ್ತು ನಿಲ್ಲುವುದೂ ಇದೇ ದಿನಗಳಲ್ಲಿ. ಭಾರವೂ ಹೆಚ್ಚು, ಗಾಳಿಯೂ ಹೆಚ್ಚು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಎಲೆ, ರೆಂಬೆಗಳು ಬಾಗಿ ಅದರಲ್ಲಿ ಒಂದಿಷ್ಟನ್ನು ಕಳೆಯುತ್ತವೆ. ಉಳಿದದ್ದನ್ನು ಕಾಂಡ ಮತ್ತು ಬೇರು ತಡೆದುಕೊಳ್ಳಬೇಕು.

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು 133 ವರ್ಷಗಳ ದಾಖಲೆ. ಆ ಸಂಜೆ ಮೆಟ್ರೋದ ನೇರಳೆ ಮಾರ್ಗದ ಹಳಿಯ ಮೇಲೇ ಮರವೊಂದು ಬಿದ್ದು ಎಂ.ಜಿ. ರಸ್ತೆ ಮತ್ತು ಇಂದಿರಾನಗರದ ನಡುವೆ ರೈಲು ನಿಂತುಹೋಯಿತು. ನೆಲದಿಂದ ಅಷ್ಟು ಮೇಲಿರುವ ಹಳಿಗೂ ರಸ್ತೆಬದಿಯ ಮರದ ಆರೋಗ್ಯಕ್ಕೂ ನಂಟಿದೆ ಎಂಬುದು ಅಂದು ಎಲ್ಲರಿಗೂ ಕಂಡಿತು.

ಈ ನಗರದ ಎಷ್ಟೋ ಮರಗಳು ಹೆಚ್ಚುಕಡಿಮೆ ಒಂದೇ ವಯಸ್ಸಿನವು ಎಂಬುದು ಗೊತ್ತೇ? ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1980ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ನೆಡಿಸಿದ ಗಿಡಗಳ ಸಂಖ್ಯೆ ಸುಮಾರು 15 ಲಕ್ಷ. ದನಗಳ ಬಾಯಿಗೆ ಸಿಗದಷ್ಟು ಎತ್ತರ ಬೆಳೆದ ಸಸಿಗಳನ್ನೇ ಆರಿಸಿ, ಸುತ್ತ ಕಾವಲು ಕಟ್ಟಿಸಿ ಬೆಳೆಸಿದರು. 2021ರಲ್ಲಿ ಅವರು ತೀರಿಕೊಂಡರು. ಅವರು ನೆಡಿಸಿದವುಗಳಲ್ಲಿ ಉಳಿದವು ಈಗ ನಾಲ್ಕು ದಶಕ ದಾಟಿವೆ. ಗುಲ್‌ಮೊಹರ್‌ನಂಥ ಬೇಗ ಬೆಳೆಯುವ, ಮೆದು ಮರಗಳಿಗೆ ರಸ್ತೆಬದಿಯಲ್ಲಿ ಇದು ಮುಪ್ಪಿನ ವಯಸ್ಸು. ಒಟ್ಟಿಗೆ ನೆಟ್ಟದ್ದು ಒಟ್ಟಿಗೇ ಮುಪ್ಪಾಗುತ್ತದೆ. ಹಳೆಯವು ಬೀಳುವ ಮುನ್ನವೇ ಪಕ್ಕದಲ್ಲಿ ಹೊಸವು ಬೆಳೆಯುತ್ತಿರಬೇಕಿತ್ತು. ಆ ಕೆಲಸ ಆಗಬೇಕಾದಷ್ಟು ಆಗಿಲ್ಲ.

ಅದಕ್ಕೂ ಹಿಂದೆ, 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ವರ್ಷದ ಎಲ್ಲ ಕಾಲದಲ್ಲೂ ಯಾವುದಾದರೊಂದು ರಸ್ತೆಯಲ್ಲಿ ಹೂವಿರಲಿ ಎಂಬ ಲೆಕ್ಕದಲ್ಲಿ ಮರಗಳನ್ನು ಆರಿಸಿದ್ದರು. ನಮ್ಮ ಬೀದಿಗಳಲ್ಲಿರುವ ಗುಲ್‌ಮೊಹರ್‌ನ ತವರು ಮಡಗಾಸ್ಕರ್, ಮಳೆಮರದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ, ನೀರುಕಾಯಿ ಮರದ ತವರು ಆಫ್ರಿಕ. ಮಕ್ಕಳು ಮೊಗ್ಗು ಹಿಚುಕಿ ನೀರು ಚಿಮ್ಮಿಸಿ ಆಡುವ ಈ ನೀರುಕಾಯಿ ಮರದ ಕೊಂಬೆ ಬಹಳ ಹಗುರ, ಬಹಳ ಪೆಳಸು. ಅದರ ಕೆಳಗೆ ಕಾರು ನಿಲ್ಲಿಸುವವರು ಗಾಳಿಯ ದಿನ ಬೇರೆ ಜಾಗ ನೋಡಿಕೊಳ್ಳುವುದು ಒಳ್ಳೆಯದು.

ಹಾಗೆಂದು ಪರದೇಶದ ಮರವೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಕಡಿಯಬೇಕಿಲ್ಲ. ಬುಡ ಗಟ್ಟಿಯಿರುವ ಮಳೆಮರ ನೂರಡಿ ಅಗಲಕ್ಕೆ ನೆರಳು ಹರಡಿ ನಿಶ್ಚಿಂತೆಯಿಂದ ನಿಲ್ಲುತ್ತದೆ. ಬೇರು ಕತ್ತರಿಸಿದ ಹೊಂಗೆ ನಮ್ಮದೇ ಮಣ್ಣಿನ ಮರವಾದರೂ ಬೀಳುತ್ತದೆ.

ಬೇರಿನ ವಿಷಯಕ್ಕೆ ಬಂದರೆ, ಮರದ ಎತ್ತರದಷ್ಟೇ ಆಳಕ್ಕೆ ಬೇರೂ ಇಳಿದಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಿಜವಾಗಿ, ಬೆಳೆದ ಮರದ ಬಹುಪಾಲು ಬೇರು ಇರುವುದು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ. ಗಾಳಿ, ನೀರು, ಗೊಬ್ಬರ ಸಿಗುವುದು ಅಲ್ಲೇ. ಆಳಕ್ಕಿಂತ ಅಗಲಕ್ಕೆ ಹೋಗುವ ಈ ಬೇರುಗಳು ಕೊಂಬೆಗಳ ನೆರಳನ್ನೂ ದಾಟಿ ದೂರ ಹರಡುತ್ತವೆ. ಫುಟ್‌ಪಾತಿನ ಕಲ್ಲು, ಚರಂಡಿ, ನೀರಿನ ಕೊಳವೆ, ಇಂಟರ್‌ನೆಟ್ ಕೇಬಲ್ ಎಲ್ಲವೂ ನಾವು ಹಾಕುವುದು ಆ ಎರಡು ಮೂರು ಅಡಿಯೊಳಗೇ.

ಮರದ ಸುತ್ತ ಎಷ್ಟು ನೆಲವನ್ನು ಅಗೆಯದೆ ಬಿಡಬೇಕು? ಬ್ರಿಟನ್ನಿನ ಕಟ್ಟಡ ಕಾಮಗಾರಿಗಳಲ್ಲಿ ಪಾಲಿಸುವ ಮಾನದಂಡ ಇಷ್ಟು ಸರಳ: ಕಾಂಡದ ಅಡ್ಡಳತೆಯ 12 ಪಟ್ಟು. ಕಾಂಡ 60 ಸೆಂ.ಮೀ. ದಪ್ಪವಿದ್ದರೆ ಸುತ್ತ 7.2 ಮೀಟರ್ ನೆಲ ಅದಕ್ಕೆ ಮೀಸಲು. ನಮ್ಮಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳಿಗಾಗಿ ಕೊಟ್ಟ ಆದೇಶದಲ್ಲಿ ಕೇಳಿದ್ದು ಬುಡದ ಸುತ್ತ ಒಂದೇ ಒಂದು ಮೀಟರ್ ಕಾಂಕ್ರೀಟ್ ಇರಬಾರದು ಎಂದು, ಮರಕ್ಕೆ ಮೊಳೆ, ಫಲಕ, ತಂತಿ ಬಿಗಿಯಬಾರದು ಎಂದು. ಅದೊಂದು ಮೀಟರನ್ನೂ ಬಿಟ್ಟುಕೊಡದ ಬೀದಿಗಳು ನಮ್ಮ ನಗರಗಳಲ್ಲಿ ಎಷ್ಟೋ ಇವೆ. ಬುಡಕ್ಕೆ ಸಿಮೆಂಟು ಬಳಿದು, ಮೇಲೆ ಟೈಲ್ಸ್ ಹಾಸಿ, ಮಳೆನೀರು ಒಂದು ಹನಿಯೂ ಇಳಿಯದಂತೆ ಮಾಡಿ, ಮರ ಸೊರಗಿದರೆ ಅದಕ್ಕೆ ವಯಸ್ಸಾಯಿತು ಎನ್ನುತ್ತೇವೆ.

ಇಲ್ಲೊಂದು ಸೂಕ್ಷ್ಮವಿದೆ. ಕಾಲುವೆ ತೋಡುವಾಗ ಮರದ ಒಂದು ಪಕ್ಕದ ದಪ್ಪ ಬೇರು ಕತ್ತರಿಸಿದರೂ ಮರ ಅಂದೇ ಬೀಳುವುದಿಲ್ಲ. ಎಲೆ ಹಸಿರಾಗಿಯೇ ಇರುತ್ತದೆ. ಕತ್ತರಿಸಿದ ತುದಿಯಿಂದ ಕೊಳೆತ ನಿಧಾನವಾಗಿ ಬುಡದತ್ತ ಸರಿಯುತ್ತದೆ, ಅದಕ್ಕೆ ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಗುತ್ತಿಗೆದಾರ ಬಿಲ್ ಪಡೆದು ಹೋಗಿರುತ್ತಾನೆ, ಎಂಜಿನಿಯರ್ ವರ್ಗವಾಗಿರುತ್ತಾರೆ, ರಸ್ತೆಗೆ ಇನ್ನೊಂದು ಸಲ ಡಾಂಬರೂ ಬಿದ್ದಿರುತ್ತದೆ. ಒಂದು ಸಂಜೆ ನೆಲ ನೆನೆದು ಮಣ್ಣಿನ ಹಿಡಿತ ಸಡಿಲವಾದಾಗ ಮರ ಬೇರು ಉಳಿದ ಕಡೆಗೋ ಗಾಳಿ ತಳ್ಳಿದ ಕಡೆಗೋ ಒರಗುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಗಾಳಿಮಳೆಗೆ ಮರ ಧರೆಗೆ’ ಎಂದಿರುತ್ತದೆ. ಬಿದ್ದ ಮರದ ಬುಡವನ್ನು ಒಮ್ಮೆ ಬಗ್ಗಿ ನೋಡಿ. ಒಂದು ಪಕ್ಕದಲ್ಲಿ ಬೇರುಗಳು ಸೀಳಿ, ನಾರು ನಾರಾಗಿ ಹರಿದಿರುತ್ತವೆ; ಇನ್ನೊಂದು ಪಕ್ಕದಲ್ಲಿ ನೇರವಾಗಿ ಕತ್ತರಿಸಿದ, ಕಪ್ಪಾದ ಹಳೆಯ ಗಾಯಗಳಿದ್ದರೆ ಕಾರಣ ಗಾಳಿಯೊಂದೇ ಅಲ್ಲ.

ಬೇರು ಕಡಿಯದೆ ಕೇಬಲ್ ಎಳೆಯಲು ಆಗುವುದಿಲ್ಲವೇ? ಆಗುತ್ತದೆ. ನೆಲದಡಿ ಅಡ್ಡಲಾಗಿ ಕೊರೆದು ಬೇರುಗಳ ಕೆಳಗಿನಿಂದ ಕೊಳವೆ ತೂರಿಸುವ ಯಂತ್ರಗಳು ನಮ್ಮ ನಗರಗಳಲ್ಲೇ ಓಡಾಡುತ್ತಿವೆ. ಗಾಳಿಯ ರಭಸದಿಂದ ಮಣ್ಣನ್ನಷ್ಟೇ ಊದಿ ತೆಗೆದು ಬೇರನ್ನು ಹಾಗೇ ಉಳಿಸುವ ಸಲಕರಣೆಯೂ ಇದೆ.

ಮರವೊಂದು ಅಪಾಯಕಾರಿ ಎಂದು ತೀರ್ಮಾನಿಸುವುದು ಹೇಗೆ? ತಜ್ಞರು ಕೇಳುವ ಪ್ರಶ್ನೆ ಮೂರು. ಇದು, ಅಥವಾ ಇದರ ಕೊಂಬೆ, ಮುರಿಯುವ ಸಂಭವ ಎಷ್ಟು? ಮುರಿದರೆ ಯಾರ ಮೇಲಾದರೂ, ಯಾವುದರ ಮೇಲಾದರೂ ಬೀಳುವ ಸಂಭವ ಎಷ್ಟು? ಬಿದ್ದರೆ ಆಗುವ ಹಾನಿ ಎಂಥದ್ದು? ಶಾಲೆಯ ಗೇಟಿನ ಮುಂದಿನ ಒಣಕೊಂಬೆಗೂ ಖಾಲಿ ಮೈದಾನದ ಮೂಲೆಯ ಒಣಕೊಂಬೆಗೂ ಉತ್ತರ ಒಂದೇ ಆಗುವುದಿಲ್ಲ. ಮೊದಲನೆಯದನ್ನು ಇವತ್ತೇ ತೆಗೆಯಬೇಕು. ಎರಡನೆಯದರಲ್ಲಿ ಕುಟ್ರು ಹಕ್ಕಿ ಗೂಡು ಕೊರೆಯಲಿ, ಬಿಡಿ.

ಕೆಲವು ಸಲ ಮರ ಕಡಿಯುವ ಬದಲು ಅದರ ಕೆಳಗಿನ ಬೆಂಚನ್ನೋ ಬಸ್ ನಿಲ್ದಾಣವನ್ನೋ ಹತ್ತು ಮೀಟರ್ ಆಚೆ ಸರಿಸಿದರೆ ಅಪಾಯ ಮುಗಿಯುತ್ತದೆ.

ಪೊಟರೆಯಿದ್ದ ಮಾತ್ರಕ್ಕೆ ಮರ ಅಪಾಯಕಾರಿಯಲ್ಲ. ಒಳಗೆ ಟೊಳ್ಳಾದ ಬಿದಿರು ಎಷ್ಟು ಗಟ್ಟಿಯೆಂದು ನಮಗೆ ಗೊತ್ತಿದೆ. ಕಾಂಡದ ಬಲವೂ ಹೆಚ್ಚಾಗಿ ಹೊರಗಿನ ಸುತ್ತಿನಲ್ಲೇ ಇರುತ್ತದೆ. ಜರ್ಮನಿಯ ಭೌತವಿಜ್ಞಾನಿ ಕ್ಲಾಸ್ ಮ್ಯಾಟ್‌ಹೆಕ್ ಬಿದ್ದ ಮರಗಳನ್ನೂ ನಿಂತ ಮರಗಳನ್ನೂ ಅಳೆದು ಒಂದು ಲೆಕ್ಕ ಕೊಟ್ಟರು. ಉಳಿದ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ತೆಳುವಾದರೆ ಎಚ್ಚರ ವಹಿಸಿ ಎಂಬುದು ಅದರ ಸಾರ. ಈ ಲೆಕ್ಕವನ್ನು ಕಣ್ಣುಮುಚ್ಚಿ ಅನ್ವಯಿಸಬಾರದು ಎಂಬ ವಾದವೂ ತಜ್ಞರಲ್ಲಿದೆ. ಅದೇನೇ ಇರಲಿ, ಪೊಟರೆ ಕಂಡ ತಕ್ಷಣ ಗರಗಸ ತರಿಸುವವರಿಗೆ ಇದು ತಿಳಿದಿರಬೇಕು.

ಒಳಗೆ ಎಷ್ಟು ಕೊಳೆತಿದೆ ಎಂದು ಕಡಿಯದೆ ತಿಳಿಯಲು ಮೊದಲ ಉಪಾಯ ಬಹಳ ಹಳೆಯದು. ಮರದ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು. ಗಟ್ಟಿ ಕಾಂಡದ ಸದ್ದೇ ಬೇರೆ, ಟೊಳ್ಳು ಕಾಂಡದ ಸದ್ದೇ ಬೇರೆ. ಅನುಮಾನ ಬಂದರೆ ಕಾಂಡದ ಸುತ್ತ ಸಂವೇದಕಗಳನ್ನು ಕಟ್ಟಿ ಒಂದರಿಂದ ಇನ್ನೊಂದಕ್ಕೆ ಸದ್ದು ಎಷ್ಟು ಬೇಗ ತಲುಪುತ್ತದೆ ಎಂದು ಅಳೆಯುತ್ತಾರೆ. ಕೊಳೆತ ಭಾಗವನ್ನು ಸುತ್ತಿಬಳಸಿ ಹೋಗುವ ಸದ್ದು ತಡವಾಗಿ ತಲುಪುತ್ತದೆ. ಕಂಪ್ಯೂಟರ್ ಅದನ್ನು ಬಣ್ಣದ ನಕ್ಷೆಯಾಗಿ ತೋರಿಸುತ್ತದೆ. ಇನ್ನೊಂದು ಸಾಧನದಲ್ಲಿ ತೆಳು ಸೂಜಿಯೊಂದನ್ನು ತಿರುಗಿಸುತ್ತ ಒಳಗೆ ಇಳಿಸಿ, ಅದಕ್ಕೆ ಎದುರಾಗುವ ತಡೆಯನ್ನು ಗೆರೆಯಾಗಿ ದಾಖಲಿಸುತ್ತಾರೆ. ಗೆರೆ ದಿಢೀರನೆ ಕುಸಿದ ಕಡೆ ತಿರುಳು ಹಾಳಾಗಿದೆ ಎಂದರ್ಥ.

ಬುಡದಲ್ಲಿ ಗಟ್ಟಿಯಾದ, ಅರ್ಧಚಂದ್ರದ ಆಕಾರದ ಅಣಬೆ ಮೂಡಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಗೆ ಕಾಣುವುದು ಶಿಲೀಂಧ್ರದ ಫಲ ಮಾತ್ರ. ಅಷ್ಟು ಹೊತ್ತಿಗೆ ಅದು ಒಳಗಿನ ಮರವನ್ನು ವರ್ಷಗಳಿಂದ ತಿಂದಿರುತ್ತದೆ. ಎಲೆ ಹಸಿರಾಗಿದ್ದರೂ ಬುಡ ಸೋತಿರಬಹುದು. ಹೊಸದಾಗಿ ಬಂದ ವಾಲು, ಒಂದು ಪಕ್ಕದಲ್ಲಿ ಎದ್ದ ಮಣ್ಣು ಅಥವಾ ಬಿರುಕು, ಎರಡು ದಪ್ಪ ಕವಲು ಕೂಡುವಲ್ಲಿ ಸೀಳು, ತುದಿಯಿಂದ ಒಣಗುತ್ತ ಬರುವ ಕೊಂಬೆಗಳು: ಇವೂ ದೂರು ಕೊಡಲು ಸಾಕಾದ ಲಕ್ಷಣಗಳೇ. ಮೊದಲಿಂದಲೂ ಓರೆಯಾಗಿ ಬೆಳೆದು, ತುದಿ ಮತ್ತೆ ನೇರವಾಗಿರುವ ಮರದ ಬಗ್ಗೆ ಅಷ್ಟು ಭಯ ಬೇಡ. ಅದು ತನ್ನ ವಾಲಿಗೆ ತಕ್ಕಂತೆ ಬುಡವನ್ನು ಬಲಪಡಿಸಿಕೊಂಡಿರುತ್ತದೆ.

ಗಾಳಿಯೇ ಇಲ್ಲದ, ಉರಿಬಿಸಿಲಿನ ಮಧ್ಯಾಹ್ನ ಹಸಿರು ಕೊಂಬೆಯೊಂದು ತಾನಾಗಿ ಮುರಿದು ಬೀಳುವುದೂ ಉಂಟು. ಬೇಸಿಗೆಯ ಕೊಂಬೆ ಕುಸಿತ ಎಂದು ಮರತಜ್ಞರು ಇದನ್ನು ಗುರುತಿಸಿದ್ದಾರೆ. ಕಾರಣ ಇನ್ನೂ ಚರ್ಚೆಯಲ್ಲಿದೆ.

ಒಂದಡಿ ದಪ್ಪದ, ಐದು ಮೀಟರ್ ಉದ್ದದ ಹಸಿ ಕೊಂಬೆಯ ತೂಕ 300 ಕಿಲೋ ಆಸುಪಾಸು. 2025ರ ಜೂನ್‌ನಲ್ಲಿ ಬೆಂಗಳೂರಿನ ಬನಶಂಕರಿ ಕಡೆ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಯುವಕನೊಬ್ಬ ಕೊಂಬೆ ಬಿದ್ದು ಪ್ರಾಣ ಕಳೆದುಕೊಂಡ. ಒಣಕೊಂಬೆ ತೆಗೆಸಿ ಎಂದು ಕೇಳುವವರನ್ನು ಮರದ ವಿರೋಧಿಗಳು ಎಂದು ಜರೆಯುವುದು ತಪ್ಪು. ಮರ ಉಳಿಯಬೇಕೆನ್ನುವವರೇ ಮೊದಲು ಒಣಕೊಂಬೆ ತೆಗೆಸಲು ಒತ್ತಾಯಿಸಬೇಕು.

ಕೊಂಬೆ ಕತ್ತರಿಸುವುದಕ್ಕೂ ಕ್ರಮವಿದೆ. ದಪ್ಪ ಕೊಂಬೆಗೆ ಮೂರು ಕೊಯ್ತ. ಮೊದಲು ಕಾಂಡದಿಂದ ತುಸು ದೂರದಲ್ಲಿ ಕೆಳಗಿನಿಂದ ಅರೆಕೊಯ್ತ, ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಪೂರ್ತಿ ಕೊಯ್ತ. ಭಾರ ಇಳಿದ ಮೇಲೆ, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯಿರುತ್ತದಲ್ಲ, ಅದನ್ನು ಮುಟ್ಟದೆ ಅದರ ಹೊರಗೆ ಕೊನೆಯ ಕೊಯ್ತ. ಮೊದಲ ಅರೆಕೊಯ್ತ ಬಿಟ್ಟರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಹೋಗುತ್ತದೆ. ಬಳೆಯನ್ನೂ ಸೇರಿಸಿ ಕಾಂಡಕ್ಕೆ ಸಮ ಮಾಡಿ ಕತ್ತರಿಸಿದರೆ ಗಾಯ ಮುಚ್ಚಿಕೊಳ್ಳಲು ಬೇಕಾದ ಭಾಗವೇ ಹೋಗಿಬಿಡುತ್ತದೆ.

ಇದನ್ನು ಜಗತ್ತಿಗೆ ಒತ್ತಿ ಹೇಳಿದವರು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ. ಸಾವಿರಾರು ಮರಗಳನ್ನು ಗರಗಸದಿಂದ ಉದ್ದುದ್ದ ಸೀಳಿ ಒಳಗಿನ ಕೊಳೆತ ಹೇಗೆ ಸಾಗುತ್ತದೆಂದು ಅವರು ನೋಡಿದರು. ಮರಕ್ಕೆ ನಮ್ಮ ಹಾಗೆ ಗಾಯ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಅದು ಗೋಡೆ ಕಟ್ಟಿ, ಅದನ್ನು ಅಲ್ಲೇ ಬಿಟ್ಟು, ಹೊರಗೆ ಹೊಸ ಮರ ಬೆಳೆಸಿಕೊಳ್ಳುತ್ತದೆ. ಆದ್ದರಿಂದ ಗಾಯಕ್ಕೆ ಬಣ್ಣ, ಡಾಂಬರು ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ. ಪೊಟರೆಗೆ ಸಿಮೆಂಟು ತುಂಬುವ ಹಳೆಯ ಪದ್ಧತಿಯನ್ನೂ ತಜ್ಞರು ಕೈಬಿಟ್ಟಿದ್ದಾರೆ: ಗಾಳಿಗೆ ಮರ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ, ನಡುವಿನ ಸಂದಿನಲ್ಲಿ ತೇವ ನಿಲ್ಲುತ್ತದೆ.

ತಲೆ ಬೋಳಿಸಿದ ಮರ ಸುರಕ್ಷಿತವೇ? ಅದಕ್ಕೆ ತದ್ವಿರುದ್ಧ. ಎಲ್ಲ ಕೊಂಬೆಗಳನ್ನೂ ಮೊಂಡಾಗಿ ಕಡಿದಾಗ ಮರ ಹಸಿವಿನಿಂದ ಗೊಂಚಲು ಗೊಂಚಲಾಗಿ ಚಿಗುರುತ್ತದೆ. ಈ ಚಿಗುರು ಹೊರಡುವುದು ಒಳತಿರುಳಿನಿಂದಲ್ಲ, ತೊಗಟೆಯ ಕೆಳಗಿನಿಂದ. ಮೂರು ನಾಲ್ಕು ವರ್ಷದಲ್ಲಿ ಅವು ದಪ್ಪ ಕೊಂಬೆಗಳಾಗುತ್ತವೆ, ಆದರೆ ಹಿಡಿತ ಸಡಿಲ. ಕೆಳಗೆ ಕಡಿದ ಮೊಂಡು ಕೊಳೆಯುತ್ತಿರುತ್ತದೆ. ವಿದ್ಯುತ್ ತಂತಿಗಾಗಿ ಒಂದೇ ಪಕ್ಕದ ಕೊಂಬೆಗಳನ್ನೆಲ್ಲ ಸವರಿದರೆ ಭಾರವೆಲ್ಲ ಇನ್ನೊಂದು ಪಕ್ಕಕ್ಕೆ, ಹೆಚ್ಚಾಗಿ ಮನೆಗಳ ಕಡೆಗೆ, ಬೀಳುತ್ತದೆ. ಎಳೆಯ ಮರವಿದ್ದಾಗಲೇ ಯಾವ ಕವಲು ಉಳಿಯಬೇಕು, ಯಾವುದು ಹೋಗಬೇಕು ಎಂದು ಆರಿಸಿ ಬೆಳೆಸಿದರೆ ಇಷ್ಟೆಲ್ಲ ಬೇಕಾಗುವುದಿಲ್ಲ. ಸಸಿ ನೆಟ್ಟು ಫೋಟೊ ತೆಗೆಸಿಕೊಂಡ ಮೇಲಿನ ಹತ್ತು ವರ್ಷವೇ ಮರದ ಮುಂದಿನ ಐವತ್ತು ವರ್ಷವನ್ನು ತೀರ್ಮಾನಿಸುತ್ತದೆ.

ಮರ ಕಡಿಯುವ ಚೈನ್ ಗರಗಸದ ಪೂರ್ವಜ ಹುಟ್ಟಿದ್ದು ಕಾಡಿನಲ್ಲಲ್ಲ, ಆಸ್ಪತ್ರೆಯಲ್ಲಿ! 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್‌ಕೆನ್ ಮತ್ತು ಜೇಮ್ಸ್ ಜೆಫ್ರಿ ಮೂಳೆ ಕತ್ತರಿಸಲು ಹಲ್ಲಿನ ಸರಪಳಿಯ ಸಣ್ಣ ಗರಗಸ ರೂಪಿಸಿದ್ದರು. ಕಷ್ಟದ ಹೆರಿಗೆಯಲ್ಲೂ ಅದು ಬಳಕೆಯಾಯಿತು.

ನಗರದಲ್ಲಿ ಮರ ತೆಗೆಯುವವರು ಅದನ್ನು ಬುಡಕ್ಕೆ ಕಡಿದು ಬೀಳಿಸುವುದಿಲ್ಲ. ಬೀಳಲು ಜಾಗವೆಲ್ಲಿದೆ? ಮೇಲಿನಿಂದ ಕೆಳಗೆ ತುಂಡು ತುಂಡಾಗಿ, ಹಗ್ಗ ಕಟ್ಟಿ ಇಳಿಸುತ್ತ ಬರುತ್ತಾರೆ. ಮೊದಲು ಲೈನಿನ ವಿದ್ಯುತ್ ನಿಲ್ಲಿಸಬೇಕು, ರಸ್ತೆ ಮುಚ್ಚಬೇಕು. ಸೊಂಟಕ್ಕೆ ಹಗ್ಗ, ತಲೆಗೆ ಹೆಲ್ಮೆಟ್ ಇಲ್ಲದೆ ಮರ ಹತ್ತುವ ಕೂಲಿಗಳನ್ನು ನಮ್ಮ ಬೀದಿಗಳಲ್ಲಿ ಇಂದಿಗೂ ಕಾಣುತ್ತೇವೆ. ಸಾರ್ವಜನಿಕರ ಸುರಕ್ಷತೆಗೆಂದು ನಡೆಯುವ ಕೆಲಸದಲ್ಲಿ ಆ ಕೆಲಸಗಾರನ ಜೀವಕ್ಕೂ ಬೆಲೆಯಿರಬೇಕು.

ಕರ್ನಾಟಕದಲ್ಲಿ ಮರಗಳಿಗೆ ಪ್ರತ್ಯೇಕ ಕಾನೂನಿದೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ. ಅದರ ಪ್ರಕಾರ ನಿಮ್ಮದೇ ಕಾಂಪೌಂಡಿನ ಮರವಾದರೂ ವೃಕ್ಷ ಅಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗಷ್ಟೇ ವಿನಾಯಿತಿ. ಅರ್ಜಿ ಬಂದ ಮೇಲೆ ಅಧಿಕಾರಿ ಸ್ಥಳಕ್ಕೆ ಹೋಗಿ ಮರ ನೋಡಬೇಕು, ವಿಚಾರಿಸಬೇಕು. ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಒಡ್ಡಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಸಿಡಿಲು, ಬೆಂಕಿ, ಮಳೆಯಿಂದ ಬಹಳವಾಗಿ ಹಾಳಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲ ಎಂದೂ ಕಾನೂನೇ ಹೇಳುತ್ತದೆ. ಅಂದರೆ ನಿಜವಾಗಿ ಅಪಾಯವಿರುವ ಮರಕ್ಕೆ ಕಾನೂನು ಅಡ್ಡ ಬರುವುದಿಲ್ಲ. ಆದರೆ ‘ಅಪಾಯ’, ‘ಅಡ್ಡಿ’ ಎಂಬ ಕಾರಣಗಳನ್ನು ಯಾವ ಪರೀಕ್ಷೆಯೂ ಇಲ್ಲದೆ ಬರೆದುಕೊಳ್ಳಲು ಬಿಟ್ಟರೆ ಯಾವ ಮರವೂ ಉಳಿಯುವುದಿಲ್ಲ. ಪರೀಕ್ಷೆಯ ವರದಿ, ಫೋಟೊ ಸಮೇತ, ಮರಕ್ಕೆ ಕೊಡಲಿ ಬೀಳುವ ಮುಂಚೆ ಬೀದಿಯವರಿಗೆ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಾರ್ವಜನಿಕ ಉದ್ದೇಶಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪ ಕೇಳಬೇಕೆಂಬ ನಿಯಮವೂ ಇದೇ ಕಾನೂನಿನಲ್ಲಿದೆ. ಆಕ್ಷೇಪ ಸಲ್ಲಿಸಲು ನೀವು ವಕೀಲರಾಗಬೇಕಿಲ್ಲ.

ದೆಹಲಿಯ 1994ರ ಕಾನೂನಿನಲ್ಲಿ ‘ಮರ ಕಡಿಯುವುದು’ ಎಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ. ತೊಗಟೆಯನ್ನು ಸುತ್ತ ಸುಲಿಯುವುದು, ತಲೆ ಬೋಳಿಸುವುದು, ವಿಷ ಹಾಕುವುದು, ಸುಡುವುದು ಎಲ್ಲವೂ ಅದರಲ್ಲಿ ಸೇರಿದೆ. ಕೂಡಲೇ ಕಡಿಯದಿದ್ದರೆ ಪ್ರಾಣಕ್ಕೆ ಕುತ್ತು ಎನ್ನುವಂತಿದ್ದರೆ ಮೊದಲು ಕಡಿದು 24 ಗಂಟೆಯೊಳಗೆ ತಿಳಿಸಲು ಅಲ್ಲಿ ಅವಕಾಶವಿದೆ.

ಮರ ಕಡಿಯುವ ಹೊಣೆಯನ್ನು ರಸ್ತೆ ಗುತ್ತಿಗೆಯ ಜೊತೆಗೇ ಕಟ್ಟಿದರೆ ಏನಾಗುತ್ತದೆ? ಇಂಗ್ಲೆಂಡಿನ ಶೆಫೀಲ್ಡ್ ನಗರ ಅದನ್ನು ಕಂಡಿದೆ. 2012ರಲ್ಲಿ ಅಲ್ಲಿನ ಪಾಲಿಕೆ ರಸ್ತೆ, ಫುಟ್‌ಪಾತು, ಬೀದಿಮರಗಳನ್ನೆಲ್ಲ ಸೇರಿಸಿ 25 ವರ್ಷದ, 220 ಕೋಟಿ ಪೌಂಡ್‌ನ ಗುತ್ತಿಗೆಯನ್ನು ಏಮಿ ಎಂಬ ಕಂಪನಿಗೆ ಕೊಟ್ಟಿತು. ನಗರದ ಬೀದಿಮರಗಳು ಸುಮಾರು 36,000; ಅವುಗಳಲ್ಲಿ 17,500ರಷ್ಟನ್ನು ತೆಗೆದು ಹೊಸದಾಗಿ ನೆಡುವ ಸಂಖ್ಯೆ ಗುತ್ತಿಗೆಯ ಕಾಗದದಲ್ಲಿತ್ತೆಂದು ಜನರಿಗೆ ತಿಳಿದದ್ದು 2018ರಲ್ಲಿ. ಅಷ್ಟರಲ್ಲಿ 5,000ಕ್ಕೂ ಹೆಚ್ಚು ಮರಗಳು ಹೋಗಿದ್ದವು. ಎಷ್ಟೋ ಆರೋಗ್ಯವಾಗಿಯೇ ಇದ್ದವು, ಬೇರು ಫುಟ್‌ಪಾತಿನ ಕಲ್ಲು ಎತ್ತಿದ್ದೇ ತಪ್ಪಾಗಿತ್ತು. 2016ರ ನವೆಂಬರ್ 17ರ ನಸುಕಿನಲ್ಲಿ ರಸ್ಲಿಂಗ್ಸ್ ರಸ್ತೆಯ ನಿವಾಸಿಗಳನ್ನು ಎಬ್ಬಿಸಿ ಕಾರು ಸರಿಸಲು ಹೇಳಿ, ಪೊಲೀಸ್ ಕಾವಲಿನಲ್ಲಿ ಎಂಟು ಮರಗಳನ್ನು ಕಡಿದರು. ತಡೆಯಹೋದ ಇಬ್ಬರು ವಯೋವೃದ್ಧ ಮಹಿಳೆಯರು ಬಂಧನಕ್ಕೊಳಗಾದರು. 2018ರಲ್ಲಿ ಕಡಿತ ನಿಂತಿತು. 2023ರಲ್ಲಿ ಸರ್ ಮಾರ್ಕ್ ಲೋಕಾಕ್ ಅವರ ವಿಚಾರಣಾ ವರದಿ ಬಂದ ಮೇಲೆ ಪಾಲಿಕೆ ಜನರ ಕ್ಷಮೆ ಕೇಳಿತು. ಕಲ್ಲನ್ನು ಬೇರಿಗೆ ತಕ್ಕಂತೆ ಕೆತ್ತಿ ಕೂರಿಸಿ, ಬಾಗುವಂಥ ಹಾಸು ಹಾಕಿ ಮರ ಉಳಿಸಿಕೊಳ್ಳುವ ದಾರಿ ಮೊದಲಿಂದಲೂ ಇತ್ತು.

ರಾತ್ರಿ ಕಡಿದು ಬೆಳಗ್ಗೆ ತೋರಿಸುವುದು ಶೆಫೀಲ್ಡಿಗೆ ಸೀಮಿತವಲ್ಲ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯ 40 ಮರಗಳು ರಸ್ತೆ ಅಗಲೀಕರಣಕ್ಕಾಗಿ ರಾತ್ರೋರಾತ್ರಿ ನೆಲಕ್ಕುರುಳಿದಾಗ ಊರೇ ನೊಂದುಕೊಂಡಿತು. ಅಪಾಯದ ಮರವನ್ನು ಹಗಲಿನಲ್ಲಿ, ಕಾರಣ ಹೇಳಿ ಕಡಿಯಬಹುದು. ಹೇಳಲು ಕಾರಣವಿಲ್ಲದಾಗಲೇ ಕತ್ತಲೆ ಬೇಕಾಗುವುದು.

ಸಾವಿನಿಂದ ಪಾಠ ಕಲಿತ ಊರೂ ಇದೆ. ಹಾಂಗ್‌ಕಾಂಗ್‌ನಲ್ಲಿ 2008ರ ಆಗಸ್ಟ್‌ನಲ್ಲಿ ಮರ ಬಿದ್ದು 19ರ ಹರೆಯದ ವಿದ್ಯಾರ್ಥಿನಿಯೊಬ್ಬಳು ಸತ್ತಳು. 2010ರಲ್ಲಿ ಅಲ್ಲಿನ ಸರ್ಕಾರ ಮರಗಳಿಗೆಂದೇ ಪ್ರತ್ಯೇಕ ನಿರ್ವಹಣಾ ಕಚೇರಿ ತೆರೆಯಿತು.

ಎಷ್ಟೇ ಪರೀಕ್ಷಿಸಿದರೂ ಅಪಾಯ ಸೊನ್ನೆಯಾಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ಮರಗಳ ಆರೈಕೆಗೆ ಹೆಸರಾದ ಸಿಂಗಪುರದ ಸಸ್ಯೋದ್ಯಾನದಲ್ಲಿ 2017ರ ಫೆಬ್ರವರಿ 11ರಂದು 270 ವರ್ಷಕ್ಕೂ ಹಳೆಯದಾದ, 40 ಮೀಟರ್ ಎತ್ತರದ ಟೆಂಬುಸು ಮರ ಉರುಳಿ ಭಾರತೀಯ ಮಹಿಳೆಯೊಬ್ಬರು ತೀರಿಕೊಂಡರು. ವರ್ಷಕ್ಕೆರಡು ಬಾರಿ ತಪಾಸಣೆಗೊಳಗಾಗುತ್ತಿದ್ದ ಪಾರಂಪರಿಕ ಮರ ಅದು. ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ನೋಡಿದ್ದರು.

ಮರಕ್ಕೊಂದು ಇಮೇಲ್ ವಿಳಾಸ! ಆಸ್ಟ್ರೇಲಿಯದ ಮೆಲ್ಬರ್ನ್ ನಗರ 2013ರಲ್ಲಿ ತನ್ನ ಸುಮಾರು 70,000 ಮರಗಳಿಗೆ ಒಂದೊಂದು ಸಂಖ್ಯೆ, ಒಂದೊಂದು ಇಮೇಲ್ ಕೊಟ್ಟಿತು. ಮುರಿದ ಕೊಂಬೆ, ರೋಗ ಕಂಡವರು ಯಾವ ಮರವೆಂದು ನಿಖರವಾಗಿ ತಿಳಿಸಲಿ ಎಂಬುದು ಉದ್ದೇಶ. ಜನ ದೂರಿನ ಜೊತೆಗೆ ಮರಗಳಿಗೆ ಪ್ರೇಮಪತ್ರಗಳನ್ನೂ ಬರೆದರು.

ನ್ಯೂಯಾರ್ಕ್ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಬೀದಿಮರಗಳನ್ನು ಒಂದೊಂದಾಗಿ ಎಣಿಸಿತು: 6,66,134. ಬೆಂಗಳೂರಿನಲ್ಲಿ ಮರಗಣತಿ ಮಾಡಿ ಎಂದು 2019ರಲ್ಲಿ ಹೈಕೋರ್ಟ್ ಹೇಳಬೇಕಾಯಿತು. ಆ ಹೊಣೆ ಮಲ್ಲೇಶ್ವರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಹೋಯಿತು. ಪಟ್ಟಿಯಿಲ್ಲದೆ ತಪಾಸಣೆಯಿಲ್ಲ. ಯಾವ ಬೀದಿಯಲ್ಲಿ ಯಾವ ಮರ, ಎಷ್ಟು ವಯಸ್ಸು, ಕಳೆದ ಸಲ ನೋಡಿದ್ದು ಯಾವಾಗ ಎಂಬುದು ಬರಹದಲ್ಲಿ ಇರದ ಊರಿನಲ್ಲಿ ಮರ ಬಿದ್ದ ಮೇಲೆಯೇ ಅದರ ಪರೀಕ್ಷೆ ನಡೆಯುತ್ತದೆ.

ಒಂದು ಮರದ ಬೆಲೆ ಎಷ್ಟು? ಪಶ್ಚಿಮ ಬಂಗಾಳದ ರೈಲ್ವೆ ಮೇಲ್ಸೇತುವೆಗಳಿಗಾಗಿ ಮರ ಕಡಿಯುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರ ಸಮಿತಿ 2021ರಲ್ಲಿ ಬೆಳಕಿಗೆ ಬಂದ ತನ್ನ ವರದಿಯಲ್ಲಿ ವರ್ಷಕ್ಕೆ 74,500 ರೂಪಾಯಿ ಎಂದು ಲೆಕ್ಕ ಹಾಕಿತ್ತು. ಅದರಲ್ಲಿ ದೊಡ್ಡ ಪಾಲು ಮರ ಕೊಡುವ ಆಮ್ಲಜನಕದ್ದು. ನೂರು ವರ್ಷ ದಾಟಿದ ಪಾರಂಪರಿಕ ಮರದ ಬೆಲೆ ಕೋಟಿಯನ್ನೂ ಮೀರಬಹುದೆಂದು ಸಮಿತಿ ಹೇಳಿತ್ತು. ಒಂದಕ್ಕೆ ಹತ್ತು ಸಸಿ ನೆಟ್ಟರೆ ಆಯಿತು ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಕಾಂಡವೇ ಸತ್ತ ಮೇಲೂ ಮರ ಬದುಕಬಲ್ಲದು. ಬೆಂಗಳೂರಿನ ಹೊರವಲಯದ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲ ಬೊಡ್ಡೆ ರೋಗಕ್ಕೆ ತುತ್ತಾಗಿ ಹೋಗಿದೆ. ಬಿಳಲುಗಳೇ ಕಂಬಗಳಾಗಿ ಸುಮಾರು ಮೂರು ಎಕರೆಯಷ್ಟು ಹರಡಿ ನಿಂತಿದೆ. ಬಿಳಲು ನೆಲ ಮುಟ್ಟಲು ಜಾಗ ಬಿಟ್ಟದ್ದರಿಂದ ಅದು ಸಾಧ್ಯವಾಯಿತು. ನಗರದ ಆಲಗಳ ಬಿಳಲುಗಳನ್ನು ಅಂದಕ್ಕೆಂದು ಕತ್ತರಿಸುವವರು ಅವುಗಳ ಊರುಗೋಲನ್ನೇ ಕಸಿಯುತ್ತಿದ್ದಾರೆ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳು ಬಂದವು. ದೂರು ಕೊಡುವ ಸಹಾಯವಾಣಿ 1533 ಮಾತ್ರ ಹಾಗೇ ಇದೆ. ನಿಮ್ಮ ಬೀದಿಯ ಮರದಲ್ಲಿ ಒಣಕೊಂಬೆ, ಬುಡದ ಅಣಬೆ, ಹೊಸ ವಾಲು ಕಂಡರೆ ಮಳೆಗಾಲಕ್ಕೆ ಕಾಯದೆ ಫೋಟೊ ತೆಗೆದು, ಅಡ್ಡರಸ್ತೆಯ ಹೆಸರು, ಹತ್ತಿರದ ಕಂಬದ ಸಂಖ್ಯೆ ಸಮೇತ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ‘ಮರ ಕಡಿಸಿ’ ಎನ್ನಬೇಡಿ, ‘ಮರ ಪರೀಕ್ಷಿಸಿ’ ಎನ್ನಿ. ಬೀದಿಯಲ್ಲಿ ಜೆಸಿಬಿ ಬೇರಿಗೆ ಬಾಯಿ ಹಾಕುವುದು ಕಂಡರೆ ಅಂದೇ ನಿಲ್ಲಿಸಿ ಕೇಳಿ. ಮರ ತಂತಿಯ ಮೇಲೆ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಒದ್ದೆ ಕೊಂಬೆಯನ್ನೂ ಮುಟ್ಟಬೇಡಿ; ಮೊದಲು ವಿದ್ಯುತ್ ಕಂಪನಿ ಬೆಸ್ಕಾಂನ 1912ಕ್ಕೆ ಕರೆ ಮಾಡಿ, ಯಾರಾದರೂ ಸಿಕ್ಕಿಕೊಂಡಿದ್ದರೆ 112ಕ್ಕೆ.